ಕಡ್ಡಾಯ ಬಸ್ ಪಾಸ್ ಬೇಡ ಅನ್ನೋಕೆ ಆಗತ್ತಾ? ವ್ಯಾಂಕೂವರ್ ಗ್ರ್ಯಾಡ್ ಸ್ಟೂಡೆಂಟ್ಸ್ ಸ್ವಲ್ಪ ಅನುಭವ ಹೇಳಿ

ಹಾಸನದ ಹೊಸ ಸ್ಟೂಡೆಂಟ್:
ಎಲ್ರಿಗೂ ನಮಸ್ಕಾರ. ಈ ಸೆಪ್ಟೆಂಬರ್‌ಗೆ ಮಾಸ್ಟರ್ಸ್ ಮಾಡೋಕೆ ಕೆನಡಾದ ವ್ಯಾಂಕೂವರ್‌ಗೆ ಬರ್ತಿದೀನಿ. ನಿನ್ನೆ ಫೀಸ್ ಲಿಸ್ಟ್ ಬಂತು, ಟ್ಯೂಷನ್ ಕೆಳಗೆ ಯು-ಪಾಸ್ ಬಿ.ಸಿ. (ಸ್ಟೂಡೆಂಟ್‌ಗಳ ಬಸ್-ಟ್ರೇನ್ ಪಾಸ್) ಅಂತ ಒಂದು ಸಾಲು, ನಾಲ್ಕು ತಿಂಗಳಿಗೆ ಹತ್ತಿರತ್ತಿರ ನೂರ ಎಂಬತ್ತು ಡಾಲರ್. ನಂಗೆ ಕ್ಯಾಂಪಸ್ ಒಳಗೇ ರೂಮ್ ಸಿಕ್ಕಿದೆ, ಲ್ಯಾಬ್‌ಗೆ ನಡ್ಕೊಂಡು ಎಂಟು ನಿಮಿಷ. ಬಸ್ಸೇ ಹತ್ತದೇ ಇರೋನು ಪಾಸ್ ದುಡ್ಡು ಯಾಕೆ ಕಟ್ಬೇಕು? ಅಪ್ಪ ಲಿಸ್ಟ್ ನೋಡಿ "ಹನ್ನೊಂದು ಸಾವಿರ ರೂಪಾಯಿಗೆ ಬಸ್ ಪಾಸಾ, ಅಷ್ಟರಲ್ಲಿ ಒಂದು ಹಳೇ ಲೂನಾ ಬರತ್ತಲ್ಲೋ" ಅಂದ್ರು. ಬೇಡ ಅಂತ ಬರ್ಕೊಟ್ಟು ದುಡ್ಡು ವಾಪಸ್ ತಗೊಂಡೋರು ಯಾರಾದ್ರೂ ಇದೀರಾ? ಆಗಲ್ಲ ಅಂದ್ರೆ ಅದನ್ನ ಸರಿಯಾಗಿ ಬಳಸ್ಕೊಳ್ಳೋದು ಹೇಗೆ ಅಂತಾದ್ರೂ ಹೇಳಿ.

ಶಿವಮೊಗ್ಗದ ಅಕ್ಕ (ಯುಬಿಸಿ ಅಂದ್ರೆ ಯೂನಿವರ್ಸಿಟಿ ಆಫ್ ಬ್ರಿಟಿಷ್ ಕೊಲಂಬಿಯಾ, ಪಿಎಚ್‌ಡಿ ಐದನೇ ವರ್ಷ):
ತಮ್ಮ, ಮೊದಲು ಕೆಟ್ಟ ಸುದ್ದಿ ಹೇಳಿಬಿಡ್ತೀನಿ. ಕ್ಯಾಂಪಸ್‌ನಲ್ಲೇ ಇರ್ತೀನಿ, ಸೈಕಲ್ ಇದೆ, ಕಾರ್ ಇದೆ, ಬಸ್ ಅಂದ್ರೆ ವಾಂತಿ ಬರತ್ತೆ, ಇದ್ಯಾವುದೂ ಕಾರಣ ಅಲ್ಲ ಇಲ್ಲಿ. ವಿನಾಯಿತಿ ಸಿಗೋದು ಬೇರೆ ಥರದವರಿಗೆ. ಆ ಟರ್ಮ್ ಪೂರ್ತಿ ಮೆಟ್ರೋ ವ್ಯಾಂಕೂವರ್ (ವ್ಯಾಂಕೂವರ್ ಮತ್ತೆ ಸುತ್ತಲಿನ ಊರುಗಳು) ಹೊರಗೆ ಇರೋರು, ಇನ್ನೊಂದು ಕಾಲೇಜಲ್ಲಿ ಆಗ್ಲೇ ಯು-ಪಾಸ್‌ಗೆ ಕಟ್ಟಿರೋರು, ಅಂಗವಿಕಲರಿಗೆ ಮನೆ ಬಾಗಿಲಿಗೇ ಬರೋ ಹ್ಯಾಂಡಿಡಾರ್ಟ್ ವ್ಯಾನ್ ಬಳಸೋರು, ಹೆಚ್ಚುಕಡಿಮೆ ಇಂಥವರಿಗೆ. ಪಟ್ಟಿ ನಿಮ್ಮ ಯೂನಿವರ್ಸಿಟಿ ಪೇಜಲ್ಲೇ ಇರತ್ತೆ, ಒಂದ್ಸಲ ಕಣ್ಣಾಡಿಸು, ಆದ್ರೆ ಆಸೆ ಇಟ್ಕೋಬೇಡ.

ನಾನೂ ಮೊದಲನೇ ವರ್ಷ ನಿನ್ನ ಹಾಗೇ ಉರ್ಕೊಂಡಿದ್ದೆ, ನಮ್ಮೂರಲ್ಲಿ ಬೇಕಾದೋನು ಪಾಸ್ ಮಾಡಿಸ್ತಾನೆ, ಬೇಡದೋನು ನಡೀತಾನೆ, ಇದೇನಿದು ಅಂತ. ಆಮೇಲೆ ಒಬ್ಬ ಸೀನಿಯರ್ ಕೂರಿಸಿಕೊಂಡು ಲೆಕ್ಕ ಹೇಳಿದ. ಇದು ನೀನು ಕೊಂಡ್ಕೊಳ್ಳೋ ಪಾಸ್ ಅಲ್ಲ, ಎಲ್ರೂ ಕೂಡಿ ಹಾಕೋ ವಂತಿಗೆ, ಊರ ಜಾತ್ರೆಗೆ ಮನೆಮನೆಗೂ ಇಷ್ಟು ಅಂತ ಹಾಕ್ತಾರಲ್ಲ ಹಾಗೆ. ಸರ್ಕಾರ ಹೇರಿದ್ದೂ ಅಲ್ಲ, ಸ್ಟೂಡೆಂಟ್‌ಗಳೇ ವೋಟ್ ಹಾಕಿ ತಂದಿದ್ದು. ಯುಬಿಸಿ ಮತ್ತೆ ಎಸ್‌ಎಫ್‌ಯು (ಸೈಮನ್ ಫ್ರೇಸರ್ ಯೂನಿವರ್ಸಿಟಿ) ಎರಡರಲ್ಲೂ 2003ರಲ್ಲೇ ಶುರುವಾಯ್ತು, ಆಮೇಲೆ 2010ರಲ್ಲಿ ಇಲ್ಲಿನ ಸರ್ಕಾರಿ ಕಾಲೇಜುಗಳಿಗೆಲ್ಲ ಒಂದೇ ದರ, ತಿಂಗಳಿಗೆ 30 ಡಾಲರ್ ಅಂತ ಮಾಡಿದ್ರು. ಈಗ ಅದು ನಲವತ್ತು ದಾಟಿದೆ. ಸ್ಟೂಡೆಂಟ್ ಅಲ್ಲದ ಜನ ಮೂರೂ ಝೋನ್ (ಟಿಕೆಟ್ ದರಕ್ಕೆ ಅಂತ ಊರನ್ನ ಮೂರು ಭಾಗ ಮಾಡಿದಾರೆ) ಓಡಾಡೋಕೆ ತಿಂಗಳ ಪಾಸ್‌ಗೆ ಕೊಡೋದು ಹತ್ತಿರತ್ತಿರ ಇನ್ನೂರು ಡಾಲರ್, ಒಂದೇ ಝೋನ್‌ಗೂ ನೂರರ ಮೇಲೆ. ನಿನ್ನಂಥ ನಡ್ಕೊಂಡು ಹೋಗೋರನ್ನೆಲ್ಲ ಬಿಟ್ಟರೆ ಉಳಿಯೋದು ದಿನಾ ದೂರದ ಸರ್ರೆ ಊರಿಂದ ಬರೋರು ಮಾತ್ರ, ಆಗ ನಲವತ್ತಕ್ಕೆ ಯಾರು ಕೊಡ್ತಾರೆ ಹೇಳು?

ಇದು ನ್ಯಾಯವಾ ಅಂತ ಕೇಳಿದ್ರೆ, ಐದು ವರ್ಷ ಆದ್ರೂ ನಂಗೆ ಪೂರ್ತಿ ಒಪ್ಪಿಗೆ ಇಲ್ಲ. ಆದ್ರೆ ಬಾಡಿಗೆ ವಿಷಯ ಬಂದಾಗ ಕಣ್ಣು ತೆರೀತು. ಎರಡನೇ ವರ್ಷ ಕ್ಯಾಂಪಸ್ ರೂಮ್ ಬಿಟ್ಟು ಪಕ್ಕದ ಊರು ಬರ್ನಬಿಗೆ ಹೋದೆ, ಇಬ್ಬರು ಸೇರಿ ಒಂದು ಬೇಸ್‌ಮೆಂಟ್, ತಿಂಗಳಿಗೆ ಉಳಿದಿದ್ದು ನಾನು ವರ್ಷವಿಡೀ ಪಾಸ್‌ಗೆ ಕಟ್ಟೋದರ ಹತ್ತಿರ ಹತ್ತಿರ. ದಿನಾ ಸ್ಕೈಟ್ರೇನ್ (ಇಲ್ಲಿನ ಮೆಟ್ರೋ), ಆಮೇಲೆ ಕಮರ್ಷಿಯಲ್-ಬ್ರಾಡ್‌ವೇ ಸ್ಟೇಷನ್‌ನಲ್ಲಿ ಇಳಿದು 99 ಬಿ-ಲೈನ್ ಬಸ್. ಆ 99ರ ಕ್ಯೂ ನೋಡಿದ್ರೆ ನಿಂಗೆ ಮೆಜೆಸ್ಟಿಕ್ ನೆನಪಾಗತ್ತೆ, ಆದ್ರೆ ಇಲ್ಲಿ ಯಾರೂ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟ್ ಹಿಡಿಯಲ್ಲ, ಸುಮ್ನೆ ಸಾಲಲ್ಲಿ ಮಳೇಲಿ ನೆನೀತಾ ನಿಂತಿರ್ತಾರೆ, ಮೂರು ಬಾಗಿಲಿಂದಲೂ ಹತ್ತಬಹುದು, ಅದೇ ಪುಣ್ಯ. ಮೊದಲ ವರ್ಷ ನಾನು ಮನೆ ಹುಡುಕುವಾಗ ಕ್ಯಾಂಪಸ್ ಸುತ್ತಮುತ್ತ ಬಿಟ್ಟು ಬೇರೆ ನೋಡಿರಲೇ ಇಲ್ಲ, ಪಾಸ್ ಹೇಗೂ ಇತ್ತು, ಬುದ್ಧಿ ಇರಲಿಲ್ಲ.

ಕೈ ತುಂಬಾ ಬಿಗಿ ಇದ್ರೆ ಇನ್ನೊಂದು ದಾರಿ ಇದೆ. ಕಷ್ಟದಲ್ಲಿ ಇರೋರಿಗೆ ಸ್ಟೂಡೆಂಟ್ ಯೂನಿಯನ್ ಕಡೆಯಿಂದ ಯು-ಪಾಸ್ ದುಡ್ಡು ವಾಪಸ್ ಕೊಡೋ ಸಹಾಯ ಯುಬಿಸಿಯಲ್ಲಿ ಇದೆ. ಅದು ವಿನಾಯಿತಿ ಅಲ್ಲ, ಪಾಸ್ ನಿನ್ನ ಹತ್ರಾನೇ ಇರತ್ತೆ. ಕೇಳೋಕೆ ನಾಚಿಕೆ ಪಡಬೇಡ.

ಧಾರವಾಡ ಮಂದಿ (ಎಸ್‌ಎಫ್‌ಯು):
ಅಲ್ರೀ, ಎಲ್ಲಾ ರೊಕ್ಕದ್ದ ಮಾತಾಡಾಕತ್ತೀರಿ, ಹೊಸಬರು ಎಲ್ಲಿ ಎಡವತಾರ ಅದನ್ನ ಯಾರೂ ಹೇಳವಲ್ರಿ. ರೊಕ್ಕಾ ಕಟ್ಟಿದ ಕೂಡ್ಲೇ ಪಾಸ್ ತಾನಾಗೇ ಕಾರ್ಡಿನ್ಯಾಗ ಬಂದು ಕೂಡಂಗಿಲ್ಲ. ಮೊದ್ಲ ನೀವ ಬಸ್ಸು ಟ್ರೇನಿನ್ಯಾಗ ಟ್ಯಾಪ್ ಮಾಡೂ ಒಂದು ಕಂಪಾಸ್ ಕಾರ್ಡ್ ತಗೋಬೇಕು, ಆರು ಡಾಲರ್ ಡಿಪಾಸಿಟ್, ನೀಲಿ ಬಣ್ಣದ್ದು ತಗೋರಿ, ಕಿತ್ತಳೆ ಬಣ್ಣದ್ದು ರಿಯಾಯಿತಿ ಮಂದೀದು. ಆಮ್ಯಾಲ ಯು-ಪಾಸ್ ಸೈಟಿಗೆ ಹೋಗಿ ಯೂನಿವರ್ಸಿಟಿ ಲಾಗಿನ್ ಹಾಕಿ ಕಾರ್ಡ್ ನಂಬರ್ ಜೋಡಿಸ್ಬೇಕು. ಅಷ್ಟಕ್ಕ ಮುಗೀಲಿಲ್ಲ. ತಿಂಗಳಾ ತಿಂಗಳಾ ಮತ್ತ ಲಾಗಿನ್ ಆಗಿ ಮುಂದಿನ ತಿಂಗಳದ್ದು ಬೇಕು ಅಂತ ಬಟನ್ ಒತ್ತಬೇಕು, ಹಿಂದಿನ ತಿಂಗಳ 16ನೇ ತಾರೀಖಿನಿಂದ ಅದು ತಗೀತೈತಿ.

ನಂದ ಕೇಳ್ರಿ. ಬಂದ ವರ್ಷ ನವೆಂಬರ್ ಒಂದನೇ ತಾರೀಖು, ಬೆಳಗ್ಗೆ ಒಂಬತ್ತಕ್ಕ ನಾನ ಟಿಎ (ಟೀಚಿಂಗ್ ಅಸಿಸ್ಟೆಂಟ್) ಆಗಿ ಕ್ಲಾಸ್ ತಗೋಬೇಕಾಗಿತ್ತು. ಸ್ಟೇಷನ್ನಿಗೆ ಹೋಗಿ ಕಾರ್ಡ್ ಇಟ್ಟೆ, ಗೇಟ್ ತಗೀಲಿಲ್ಲ. ಒದ್ದಿ ಕೈ ಒರಸ್ಕೊಂಡು ಮತ್ತ ಇಟ್ಟೆ, ಮತ್ತ ತಗೀಲಿಲ್ಲ. ಹಿಂದಿನವ್ರು ಏನೂ ಅನ್ನಲಿಲ್ಲ, ಸುಮ್ಮನ ಬಾಜೂ ಗೇಟಿಗೆ ಸರದ್ರು, ಬೈದಿದ್ರ ಚೊಲೊ ಇತ್ತು ಅನಸ್ತು. ಅಕ್ಟೋಬರ್‌ದ ಪಾಸ್ ರಾತ್ರಿ ಹನ್ನೆರಡಕ್ಕ ಮುಗದಿತ್ತು, ನಾ ಬಟನ್ ಒತ್ತಿರ್ಲಿಲ್ಲ, ಕಾರ್ಡಿನ್ಯಾಗ ಬ್ಯಾರೆ ರೊಕ್ಕ ಇರ್ಲಿಲ್ಲ. ಅಲ್ಲೇ ನಿಂತು ಫೋನಿನ್ಯಾಗ ಲಾಗಿನ್ ಆಗಾಕ ಹೋದ್ರ ಪಾಸ್‌ವರ್ಡ್ ನೆನಪಿಲ್ಲ. ಕಡೀಕ ಮಷೀನಿನ್ಯಾಗ ಟಿಕೆಟ್ ತಗೊಂಡು ಹೋಗಿ ಇಪ್ಪತ್ತು ನಿಮಿಷ ತಡಾ ಮಾಡಿ ಕ್ಲಾಸ್ ಮುಟ್ಟಿದೆ. ಕಾರ್ಡಿನ್ಯಾಗ ರೊಕ್ಕ ಇದ್ರ ಇನ್ನೂ ಮಜಾ, ಗೇಟ್ ತಗೀತೈತಿ, ಪಾಸ್ ಇಲ್ಲಂತ ಗೊತ್ತ ಆಗಂಗಿಲ್ಲ, ದಿನಾ ರೊಕ್ಕ ಕಡಕೋತ ಹೋಗ್ತದ. ನನ್ನ ರೂಮ್‌ಮೇಟಂದು ಹಂಗ ಒಂದು ವಾರ ಹೋತು. ಫೋನಿನ್ಯಾಗ ಪ್ರತಿ ತಿಂಗಳ 16ಕ್ಕ ಅಲಾರಂ ಇಡ್ರಿ, ನಂದು ಈಗೂ ಹೊಡೀತದ.

ಮತ್ತ ಬಸ್ಸಿನ್ಯಾಗ ಹತ್ತುವಾಗ ಅಷ್ಟ ಟ್ಯಾಪ್ ಸಾಕು, ಟ್ರೇನಿಗೆ ಮಾತ್ರ ಇಳಿಯುವಾಗೂ ಮಾಡ್ರಿ. ಗೇಟ್ ತಗದೈತಿ ಅಂತ ಹಂಗ ನುಗ್ಗಿದ್ರ, ಸಿಕ್ರ 173 ಡಾಲರ್ ದಂಡ.

ಹಾಸನದ ಹೊಸ ಸ್ಟೂಡೆಂಟ್:
ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಧಾರವಾಡ ಸಾರ್, ಗೇಟ್ ಕಥೆ ಓದಿ ನಕ್ಕೂ ನಕ್ಕೂ ಸಾಕಾಯ್ತು. ಆದ್ರೂ ಲೆಕ್ಕ ಹಾಕ್ದೆ. ಒಂದು ಝೋನ್ ಟ್ಯಾಪ್‌ಗೆ ಎರಡೂವರೆ ಡಾಲರ್ ಮೇಲೆ ಅಂತೆ, ಅಂದ್ರೆ ತಿಂಗಳಿಗೆ ಎಂಟೊಂಬತ್ತು ಸಲ ಹೋಗಿ ಬಂದ್ರೆ ಮಾತ್ರ ಅಸಲು. ನಾನು ಶನಿವಾರ ದಿನಸಿ ತರೋಕೆ ಅಷ್ಟೇ ಹೋಗೋದು, ನಾಲ್ಕು ಸಲ. ಶನಿವಾರ ಭಾನುವಾರ ಎಷ್ಟು ದೂರ ಹೋದ್ರೂ ಒಂದೇ ಝೋನ್ ರೇಟ್ ಅಂತ ಬೇರೆ ಇದೆ. ನಂಗೆ ಲಾಸೇ ಅಲ್ವಾ?

ಶಿವಮೊಗ್ಗದ ಅಕ್ಕ:
ಹೌದಪ್ಪ, ಲಾಸೇ. ಸುಳ್ಳು ಹೇಳಲ್ಲ. ಆದ್ರೆ ಆ ನಾಲ್ಕು ಸಲ ಅನ್ನೋದು ಪಾಸ್ ಇಲ್ಲದೋನ ಲೆಕ್ಕ. ಕೈಯಲ್ಲಿ ಪಾಸ್ ಇದ್ರೆ ಮನುಷ್ಯ ಹೊರಗೆ ಹೋಗ್ತಾನೆ. ಇಲ್ಲಿ ನವೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲು, ವಾರಗಟ್ಟಲೆ ಜಿಟಿಜಿಟಿ ಮಳೆ, ಲ್ಯಾಬ್ ರೂಮ್ ಲ್ಯಾಬ್ ರೂಮ್ ಅಂತ ಇದ್ರೆ ತಲೆ ಕೆಡತ್ತೆ. ನಾನು ಮೊದಲ ಚಳಿಗಾಲ ಬೇಜಾರಾದಾಗೆಲ್ಲ ವಾಟರ್‌ಫ್ರಂಟ್ ಸ್ಟೇಷನ್‌ಗೆ ಹೋಗಿ ಸೀಬಸ್ ಅನ್ನೋ ದೋಣಿ ಹತ್ತೋದು, ಹನ್ನೆರಡು ನಿಮಿಷಕ್ಕೆ ಆಚೆ ದಡ, ಲಾನ್ಸ್‌ಡೇಲ್ ಕೀನಲ್ಲಿ ಒಂದು ಕಾಫಿ ಕುಡಿದು ಅದೇ ಸೀಬಸ್‌ಲ್ಲಿ ವಾಪಸ್. ಅದೂ ಇದೇ ಪಾಸ್‌ನಲ್ಲಿ. ಟಿಕೆಟ್ ದುಡ್ಡು ಕೊಟ್ಟು ಯಾರು ಹೋಗ್ತಿದ್ರು?

ಮಂಗಳೂರಿನವ, ಈಗ ಜರ್ಮನಿ:
ನಮ್ಮಲ್ಲಿಯೂ ಇದೇ ಕಥೆ ಮಾರಾಯ್ರೆ. ಸೆಮಿಸ್ಟರ್ ಫೀಸ್ ಒಳಗೇ ಟಿಕೆಟ್ ದುಡ್ಡು ಸೇರಿರ್ತದೆ, ನಂಗೆ ಬೇಡ ಅಂತ ಹೇಳ್ಲಿಕ್ಕಿಲ್ಲ. ಒಂದು ತಮಾಷೆ ಉಂಟು. 2023ರ ಮೇಯಲ್ಲಿ ಯಾರು ಬೇಕಾದ್ರೂ 49 ಯೂರೋ ಕೊಟ್ಟು ಇಡೀ ದೇಶ ಸುತ್ತುವ ಟಿಕೆಟ್ ಬಂತಲ್ಲ, ಆಗ ಸ್ಟೂಡೆಂಟ್‌ಗಳ ಹಳೇ ಕಡ್ಡಾಯ ಟಿಕೆಟ್‌ಗೆ ಬೆಲೆಯೇ ಇಲ್ಲ ಅಂತಾಯ್ತು. ಹೊರಗೆ ಸಿಗುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲದಿದ್ರೆ ಎಲ್ಲರ ಕೈಯಿಂದ ಒತ್ತಾಯದಲ್ಲಿ ತೆಗೊಳ್ಳುವುದು ಹೇಗೆ ಅಂತ ಪ್ರಶ್ನೆ ಎದ್ದಿತು. ಮತ್ತೆ 2024ರ ಬೇಸಿಗೆ ಸೆಮಿಸ್ಟರ್‌ನಿಂದ ಆ ಇಡೀ ದೇಶ ಸುತ್ತುವ ಟಿಕೆಟನ್ನೇ ಸ್ಟೂಡೆಂಟ್‌ಗಳಿಗೆ ಶೇ. 60 ದರಕ್ಕೆ, ತಿಂಗಳಿಗೆ 29.40 ಯೂರೋ ಅಂತ ಮಾಡಿದ್ರು. 2025ಕ್ಕೆ ಮೂಲ ದರ 58 ಆದಾಗ ನಮ್ಮದು 34.80 ಆಯ್ತು. ದೂರದ ಫಾಸ್ಟ್ ಟ್ರೇನಿಗೆಲ್ಲ ನಡೆಯುದಿಲ್ಲ, ಲೋಕಲ್ ಟ್ರೇನು, ಬಸ್ಸು, ಟ್ರಾಮ್ ಮಾತ್ರ. ಹಾಗಾಗಿ ನಿಮ್ಮದೂ ಅಷ್ಟೇ ನೋಡಿ, ಹೊರಗಿನ ಪಾಸ್‌ಗೂ ನಿಮ್ಮದಕ್ಕೂ ಎಷ್ಟು ಅಂತರ ಉಂಟು ಎನ್ನುವುದೇ ವಿಷಯ. ಇನ್ನೂರು ಎಲ್ಲಿ, ನಲವತ್ತೈದು ಎಲ್ಲಿ.

ಮೈಸೂರು ಕಡೆಯವನು, ಹೆಂಡತಿ ಮಗು ಜೊತೆ:
ಫ್ಯಾಮಿಲಿ ಇರೋರಿಗೆ ಒಂದು ಮಾತು. ಪಾಸ್ ನಿಮ್ಮ ಹೆಸರಿಂದು, ಹೆಂಡತಿ ಕೈಗೆ ಕೊಟ್ಟು ಕಳಿಸಬೇಡಿ, ಚೆಕಿಂಗ್‌ನವರು ಸ್ಟೂಡೆಂಟ್ ಐಡಿ ಕೇಳ್ತಾರೆ. ನಮ್ಮನೆಯವಳಿಗೆ ಬೇರೆ ಕಾರ್ಡ್ ಮಾಡಿಸಿ ಅದಕ್ಕೆ ಇಪ್ಪತ್ತಿಪ್ಪತ್ತು ಡಾಲರ್ ಹಾಕಿಸ್ತೀನಿ, ಅವಳು ಹೊರಗೆ ಹೋಗೋದು ವಾರಕ್ಕೆ ಎರಡು ಸಲ, ತಿಂಗಳ ಪಾಸ್ ಬೇಕಾಗಲ್ಲ. ಮಗುವಿಗೆ ಚಿಂತೆ ಇಲ್ಲ, 2021ರ ಸೆಪ್ಟೆಂಬರ್‌ನಿಂದ ಹನ್ನೆರಡು ವರ್ಷದವರೆಗೂ ಫ್ರೀ.

ಹೆಸರು ಬೇಡ:
ಎಲ್ರೂ ಚೆನ್ನಾಗಿದೆ ಚೆನ್ನಾಗಿದೆ ಅಂತಿದೀರಾ, ಸ್ವಲ್ಪ ಕಹಿನೂ ಇರಲಿ. ವಂತಿಗೆ ಅನ್ನೋದು ಬಸ್ ಓಡಿದ್ರೆ ತಾನೆ? 2024ರ ಜನವರಿಯಲ್ಲಿ ಬಸ್ ಸೂಪರ್‌ವೈಸರ್‌ಗಳ ಸ್ಟ್ರೈಕ್ ಆಗಿ 48 ಗಂಟೆ ಬಸ್ಸು, ಸೀಬಸ್ ಎರಡೂ ನಿಂತಿತ್ತು, ಸ್ಕೈಟ್ರೇನ್ ಓಡ್ತಿತ್ತು ಆದ್ರೆ ನಮ್ಮನೆಯಿಂದ ಸ್ಟೇಷನ್‌ಗೆ ಹೋಗೋಕೇ ಬಸ್ ಬೇಕಲ್ಲ. ಎರಡು ದಿನ ಮನೇಲೇ ಕೂತು ಪೇಪರ್ ತಿದ್ದಿದೆ.

ಅದು ಹೋಗ್ಲಿ. ನನ್ನ ಬೇಜಾರು ಬೇರೆ. ಫೀಲ್ಡ್‌ವರ್ಕ್‌ಗೆ ಅಂತ ಒಂದು ಟರ್ಮ್ ಪೂರ್ತಿ ಊರಿಗೆ ಹೋಗಿದ್ದೆ, ಕೊಪ್ಪಳದ ಹತ್ರ ಹಳ್ಳಿ. ವ್ಯಾಂಕೂವರ್ ಪಾಸ್ ಕೊಪ್ಪಳದಲ್ಲಿ ಏನ್ ಮಾಡ್ಲಿ? ವಿನಾಯಿತಿ ನನಗೆ ಸಿಗಬೇಕಾಗಿತ್ತು, ಸಿಗ್ತಿತ್ತು ಕೂಡ. ಆದ್ರೆ ಅರ್ಜಿ ಟರ್ಮ್ ಶುರುವಿನಲ್ಲೇ, ಕೊನೇ ದಿನಾಂಕದ ಒಳಗೆ ಹಾಕಬೇಕು, ನಾನು ವಿಮಾನ, ಎಥಿಕ್ಸ್ ಪೇಪರ್, ಅಜ್ಜಿಗೆ ಚಾಕಲೇಟು ಅಂತ ಓಡಾಡ್ತಾ ಮರೆತೇಬಿಟ್ಟೆ. ನೆನಪಾಗಿದ್ದು ಕೊಪ್ಪಳ ಬಸ್ ಸ್ಟ್ಯಾಂಡ್‌ನಲ್ಲಿ ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟಾಗ. ಅಷ್ಟೊತ್ತಿಗೆ ದಿನಾಂಕ ಮುಗಿದು ಎರಡು ವಾರ. ಮೇಲ್ ಹಾಕಿದೆ, ತಡವಾಯ್ತು ಅಂತ ಒಂದೇ ಸಾಲಿನ ಉತ್ತರ ಬಂತು. ತಪ್ಪು ನಂದೇ. ಗ್ರ್ಯಾಡ್ ಸ್ಟೂಡೆಂಟ್‌ಗೆ ಇದು ಅಂಡರ್‌ಗ್ರ್ಯಾಡ್‌ಗಿಂತ ಜಾಸ್ತಿ ತಟ್ಟತ್ತೆ, ಯಾಕಂದ್ರೆ ನಮಗೆ ಬೇಸಿಗೆ ರಜೆ ಅಂತ ಇಲ್ಲ, ವರ್ಷ ಪೂರ್ತಿ ರಿಜಿಸ್ಟರ್ ಆಗಿರ್ತೀವಿ, ಮೇಯಿಂದ ಆಗಸ್ಟ್‌ವರೆಗೂ ಬಿಲ್ ಬರ್ತಾನೇ ಇರತ್ತೆ. ಥೀಸಿಸ್ ಬರೆಯೋಕೆ ಊರಿಗೆ ಹೋಗೋ ಪ್ಲಾನ್ ಇರೋರು ವಿಮಾನದ ಟಿಕೆಟ್ ಬುಕ್ ಮಾಡಿದ ದಿನವೇ ಆ ಫಾರ್ಮ್ ತುಂಬಿಬಿಡಿ.

ಹಾಸನದ ಹೊಸ ಸ್ಟೂಡೆಂಟ್:
ಸರಿ, ಒಪ್ಕೊಂಡೆ, ಕಟ್ತೀನಿ. ಅಪ್ಪಂಗೆ ಊರ ಜಾತ್ರೆ ವಂತಿಗೆ ಅಂತ ಹೇಳ್ದೆ, "ಹಾಗಾದ್ರೆ ಪ್ರಸಾದ ಬಿಡಬೇಡ, ದಿನಾ ಓಡಾಡು" ಅಂದ್ರು. 16ಕ್ಕೆ ಅಲಾರಂ ಇಟ್ಟಾಯ್ತು. ಕೊನೇದಾಗಿ, ಸೋನಾ ಮಸೂರಿ, ತೊಗರಿಬೇಳೆ ಎಲ್ಲಿ ಸಿಗತ್ತೆ, ಯಾವ ಬಸ್?

ಶಿವಮೊಗ್ಗದ ಅಕ್ಕ:
ನಿಂದು ಯಾವ ಯೂನಿವರ್ಸಿಟಿ ಅಂತ ಹೇಳೇ ಇಲ್ಲ. ಯುಬಿಸಿ ಆದ್ರೆ 49ನೇ ನಂಬರ್ ಬಸ್, ಸೀದಾ ಮೇನ್ ಸ್ಟ್ರೀಟ್‌ನಲ್ಲಿ ಇಳಿ, ಅಲ್ಲೇ ಪಂಜಾಬಿ ಮಾರ್ಕೆಟ್. ಬೇಳೆ, ಹಿಟ್ಟು, ಮೆಣಸಿನಪುಡಿ ಸಿಗತ್ತೆ. ದೊಡ್ಡ ಅಂಗಡಿಗಳು ಬೇಕಂದ್ರೆ ಸ್ಕೈಟ್ರೇನ್‌ನ ಎಕ್ಸ್‌ಪೋ ಲೈನ್ ಹಿಡಿದು ಫ್ರೇಸರ್ ನದಿ ದಾಟಿ ಸರ್ರೆಗೆ ಹೋಗ್ಬೇಕು, ಹೋಗಿ ಬರೋಕೆ ಅರ್ಧ ದಿನ. ಇಪ್ಪತ್ತು ಪೌಂಡ್ ಅಕ್ಕಿ ಮೂಟೆ ಹೊತ್ಕೊಂಡು 99 ಹತ್ತೋ ಸಾಹಸ ಮಾತ್ರ ಮಾಡ್ಬೇಡ, ಚಕ್ರದ ಬ್ಯಾಗ್ ತಗೊಂಡು ಹೋಗು, ನಾನು ಒಂದ್ಸಲ ಮೂಟೆ ಒಡೆದು ಬಸ್ ತುಂಬಾ ಅಕ್ಕಿ ಚೆಲ್ಲಿ ಡ್ರೈವರ್ ಹತ್ರ ಪೊರಕೆ ಕೇಳಿದೀನಿ. ಸಾರಿನಪುಡಿ ಮಾತ್ರ ಅಮ್ಮನ ಹತ್ರ ಮಾಡಿಸ್ಕೊಂಡು ಬಾ.