ಹಾಸನದಿಂದ ಮೈಸೂರು ದಸರೆ: ಅರಮನೆ ಮುಂದೆ ಕಛೇರಿ ಕೇಳಿ, ಊರೂ ನೋಡಿ ಬರೋಕೆ ಒಂದು ದಿನ ಸಾಕಾ?

ಸಾಲಗಾಮೆ ರಸ್ತೆ ಸೊಸೆ:

ನಮಸ್ಕಾರ. ನಾವು ನಾಲ್ಕು ಜನ: ನಾನು, ಯಜಮಾನ್ರು, ಏಳನೇ ಕ್ಲಾಸಿನ ಮಗ, ಅತ್ತೆ. ಅತ್ತೆಗೆ ಎಪ್ಪತ್ತು ದಾಟಿದೆ, ಮಂಡಿ ನೋವು. ಮದುವೆಗೆ ಮುಂಚೆ ವೀಣೆ ಕಲಿತಿದ್ರಂತೆ. ಈಗಲೂ ರೇಡಿಯೋದಲ್ಲಿ ಕಛೇರಿ ಬಂತು ಅಂದ್ರೆ ಕುಕ್ಕರ್ ಎಷ್ಟು ಕೂಗಿದ್ರೂ ಎದ್ದು ಆರಿಸಲ್ಲ. ದಸರೇಲಿ ಅರಮನೆ ಮುಂದೆ ಕೂತು ಒಂದು ಕಛೇರಿ ಕೇಳಬೇಕು ಅನ್ನೋದು ಅವರ ಬಹಳ ದಿನದ ಆಸೆ. ಮಗನಿಗೆ ಜೂ. ನನಗೆ ದೇವರಾಜ ಮಾರುಕಟ್ಟೆ. ಯಜಮಾನ್ರಿಗೆ ಬೇಗ ಮನೆ ಸೇರೋದು.

ಅವರ ಲೆಕ್ಕ ಹೀಗಿದೆ: ಬೆಳಗಿನ ಜಾವ ಕಾರಲ್ಲಿ ಹೊರಟು ಬೆಟ್ಟ, ಜೂ, ಅರಮನೆ ಎಲ್ಲ ಮುಗಿಸಿ, ಸಂಜೆ ಕಛೇರಿ ಕೇಳಿ ರಾತ್ರಿನೇ ವಾಪಸ್. ಇದು ಆಗೋ ಮಾತಾ? ಮುಂದಕ್ಕೆ ಹಾಕೋ ಹಾಗೂ ಇಲ್ಲ. ದಸರೆ ಮುಗಿದು ಹಾಸನಾಂಬೆ ಬಾಗಿಲು ತೆಗೆದ್ರೆ ನಮ್ಮನೆ ಛತ್ರ ಆಗಿಬಿಡುತ್ತೆ, ಅದರ ಹಿಂದೇನೇ ದೀಪಾವಳಿ. ಪಾಸ್ ಬೇಕಾ, ಕುರ್ಚಿ ಸಿಗುತ್ತಾ, ಮಳೆ ಬಂದ್ರೆ ಏನು ಗತಿ? ಹೋಗಿ ಬಂದವರು ಹೇಳಿ.

ಬಿ.ಎಂ. ರೋಡ್ ಹುಡುಗ:

ಅಕ್ಕಾ, ಮಗನ್ನ ಯುವ ದಸರೆಗೆ ಕರ್ಕೊಂಡು ಹೋಗಿ, ಸಿನಿಮಾ ಹಾಡುಗಾರರು ಬರ್ತಾರೆ. 2024ರಿಂದ ಅದು ಮಹಾರಾಜ ಕಾಲೇಜು ಮೈದಾನದಲ್ಲಿಲ್ಲ, ಊರಾಚೆ ಉತ್ತನಹಳ್ಳಿ ಹತ್ರ. ಅತ್ತೇನ ಮಾತ್ರ ಆ ಕಡೆ ಕರ್ಕೊಂಡು ಹೋಗ್ಬೇಡಿ, ಸ್ಪೀಕರ್ ಸದ್ದಿಗೆ ನನ್ನ ಎದೆನೇ ನಡುಗಿತ್ತು.

ವಿದ್ಯಾನಗರದ ಪಿಂಚಣಿದಾರ:

ತಾಯೀ, ನಿಮ್ಮ ಯಜಮಾನರ ಲೆಕ್ಕದಲ್ಲಿ ಎಲ್ಲಾ ಇದೆ, ನಿಮ್ಮ ಅತ್ತೆಯವರ ಮಂಡಿ ಒಂದು ಬಿಟ್ಟು. ಬೆಟ್ಟ, ಜೂ, ಅರಮನೆ ಸುತ್ತಿ ಸಂಜೆ ಕೂತರೆ ಅವರಿಗೆ ಕೇಳಿಸೋದು ರಾಗ ಅಲ್ಲ, ಕಾಲಿನ ಸೆಳೆತ. ನನ್ನ ನೌಕರಿಯ ಅರ್ಧ ಕಾಲ ಮೈಸೂರಲ್ಲೇ ಕಳೀತು, ಅಗ್ರಹಾರದ ವಠಾರದಲ್ಲಿ. ದಸರೆಗೆ ಬಂದ ನೆಂಟರನ್ನೆಲ್ಲ ಸುತ್ತಿಸೋದು ನನ್ನ ಪಾಲಿಗೇ ಬರ್ತಿತ್ತು, ಅದಕ್ಕೇ ಹೇಳ್ತೀನಿ: ಮೊದಲು ಕಛೇರಿ, ಮಾರನೇ ದಿನ ಊರು.

ಹಾಸನದಲ್ಲೇ ತಿಂಡಿ ಮುಗಿಸಿ ನಿಧಾನಕ್ಕೆ ಹೊರಡಿ, ಮಧ್ಯಾಹ್ನಕ್ಕೆ ಮೈಸೂರು. ಊಟ ಮಾಡಿ ಮಲಗಿಬಿಡಿ. ಮಗ ಹಟ ಮಾಡಿದ್ರೆ ಅಪ್ಪನ ಜೊತೆ ಸ್ಟೇಷನ್ ಹತ್ರದ ರೈಲ್ವೆ ಮ್ಯೂಸಿಯಂಗೆ ಕಳಿಸಿ. ಐದೂವರೆಗೆ ಅರಮನೆ ಕಡೆ ಹೊರಡಿ. ಹಗಲು ಟಿಕೆಟ್ ತಗೊಂಡು ಒಳಗೆ ಹೋಗೋದು ದಕ್ಷಿಣದ ವರಾಹ ದ್ವಾರದಿಂದ. ಸಂಜೆ ಕಾರ್ಯಕ್ರಮಕ್ಕೆ ಬರೋರು ಹೆಚ್ಚಾಗಿ ಉತ್ತರದ ಕಡೆ, ಕೋಟೆ ಆಂಜನೇಯನ ಗುಡಿ ಪಕ್ಕದ ಬಲರಾಮ ದ್ವಾರಕ್ಕೆ ಬರ್ತಾರೆ. ಆಟೋದವನಿಗೆ ಆಂಜನೇಯನ ಗುಡಿ ಅಂತಲೇ ಹೇಳಿ, ಇಲ್ಲದಿದ್ರೆ ಕೋಟೆ ಸುತ್ತ ನಡೆಸಿಬಿಡ್ತಾನೆ. ಪ್ರವೇಶಕ್ಕೆ ದುಡ್ಡಿಲ್ಲ. ಮುಂದಿನ ಸಾಲುಗಳು ಗಣ್ಯರಿಗೆ, ಪಾಸಿನವರಿಗೆ. ಆಸೆ ಬೇಡ. ಹಿಂದೆ ಕೂರೋದಾದ್ರೂ ಸ್ಪೀಕರ್‌ಗೆ ನೇರವಾಗಿ ಕೂರಿಸಿ. ವೀಣೆಯ ಗಮಕ, ಅಂದ್ರೆ ಸ್ವರದ ಬಳುಕು, ಬಯಲಲ್ಲಿ ಬೇಗ ಕರಗಿಹೋಗುತ್ತೆ, ಪಕ್ಕಕ್ಕೆ ಸಿಕ್ಕಿಕೊಂಡ್ರೆ ಮೃದಂಗ ಒಂದೇ ಕೇಳೋದು.

ಏಳು ಗಂಟೆಗೆ ದೀಪ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಳ್ಳುತ್ತೆ, ಇಡೀ ಮೈದಾನ 'ಹೋ' ಅನ್ನುತ್ತೆ, ಮೊಬೈಲುಗಳೆಲ್ಲ ಮೇಲೆ. ವೇದಿಕೆ ಮೇಲಿದ್ದವರ ಆಲಾಪನೆ ಆ ಗದ್ದಲದಲ್ಲಿ ಮುಳುಗಿಹೋಗುತ್ತೆ. ಅನುಭವ ಇದ್ದವರು ನಕ್ಕು, ಷಡ್ಜ, ಅಂದ್ರೆ 'ಸ' ಸ್ವರ, ಹಿಡಿದು ನಿಂತು, ಜನ ತಣ್ಣಗಾದ ಮೇಲೆ ಮುಂದುವರಿಸ್ತಾರೆ. ಬರೀ ದೀಪಕ್ಕೆ ಬಂದವರು ಫೋಟೋ ಹೊಡ್ಕೊಂಡು ಎದ್ದು ಹೋಗ್ತಾರೆ. ಕುರ್ಚಿ ಖಾಲಿಯಾಗೋದು ಆಗಲೇ, ಮಗನ್ನ ಮುಂದಕ್ಕೆ ಓಡಿಸಿ. ದೊಡ್ಡ ಹೆಸರಿನವರ ಕಛೇರಿ ಸಾಮಾನ್ಯವಾಗಿ ಕೊನೆಗೆ ಇರುತ್ತೆ.

ಪೊಲೀಸ್ ಬ್ಯಾಂಡಿನ ದಿನ ಸಿಕ್ಕರಂತೂ ಬಿಡಬೇಡಿ. ಮಹಾರಾಜರ ಕಾಲದ ಕರ್ನಾಟಿಕ್ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಆಮೇಲೆ ಪೊಲೀಸ್ ಇಲಾಖೆ ಪಾಲಿಗೆ ಬಂದವು. ಸಮವಸ್ತ್ರದವರು ಕ್ಲಾರಿಯೊನೆಟ್ಟಿನಲ್ಲಿ ತ್ಯಾಗರಾಜರ ಕೃತಿ ನುಡಿಸೋದು ಬೇರೆ ಎಲ್ಲಿ ಕೇಳ್ತೀರಿ?

ಮಳೆ ಹಿಂಗಾರಿನದು, ಹೇಳಿ ಕೇಳಿ ಬರಲ್ಲ. ಛತ್ರಿ ಬಿಚ್ಚಿದರೆ ಹಿಂದಿನವರು ಬೈತಾರೆ, ರೇನ್‌ಕೋಟ್ ಇಟ್ಕೊಳ್ಳಿ. ಜೋರಾಗಿ ಬಂದ್ರೆ ಜನ ಪ್ಲಾಸ್ಟಿಕ್ ಕುರ್ಚಿನೇ ತಲೆ ಮೇಲೆ ಹೊತ್ಕೊಂಡು ನಿಂತಿರ್ತಾರೆ, ಅದೂ ಒಂದು ನೋಟ.

ಸಾಲಗಾಮೆ ರಸ್ತೆ ಸೊಸೆ:

ಸರ್, ತುಂಬಾ ಉಪಕಾರ. ನಿಮ್ಮ ಮೊದಲ ಸಾಲು ಓದಿ ಹೇಳಿದೆ, ಯಜಮಾನ್ರು ಸುಮ್ಮನೆ ಪೇಪರ್ ಮಡಚಿಟ್ರು, ಅಂದ್ರೆ ಒಪ್ಪಿದ್ರು ಅಂತ. ಮಾರನೇ ದಿನ ಬೆಟ್ಟ ಬಿಡೋ ಹಾಗಿಲ್ಲ ಅಂತಾರೆ ಅತ್ತೆ. ಜೂ, ಅರಮನೆ ಎರಡೂ ಆಗುತ್ತಾ? ಕಾರು ತರ್ಬೇಕಾ ಬೇಡ್ವಾ?

ಅರಸೀಕೆರೆ ಲೈನ್:

ಕಾರು ಬೇಡ ಮೇಡಂ. ದಸರೆ ಸಂಜೆ ಅರಮನೆ ಸುತ್ತಮುತ್ತ ಏಕಮುಖ ಸಂಚಾರ, ನಿಲ್ಲಿಸೋಕೆ ಜಾಗ ಹುಡುಕೋದ್ರಲ್ಲೇ ಅರ್ಧ ಕಛೇರಿ ಮುಗಿದಿರುತ್ತೆ. ರೈಲಿಗೆ ಬನ್ನಿ. ಹೊಳೆನರಸೀಪುರದ ಹತ್ರ ಹೇಮಾವತಿ, ಕೆ.ಆರ್. ನಗರ ದಾಟಿದ ಮೇಲೆ ಸಾಗರಕಟ್ಟೆಯಲ್ಲಿ ಕಾವೇರಿ ಹಿನ್ನೀರಿನ ಸೇತುವೆ. ಆ ಹೊತ್ತಿಗೆ ಮಗನ್ನ ಕಿಟಕಿ ಪಕ್ಕ ಕೂರಿಸಿ. ವೇಳಾಪಟ್ಟಿ ಹೊರಡೋ ವಾರವೇ ನೋಡ್ಕೊಳ್ಳಿ.

ವಿದ್ಯಾನಗರದ ಪಿಂಚಣಿದಾರ:

ಬೆಟ್ಟಕ್ಕೆ ಏಳು ಗಂಟೆಯೊಳಗೆ ಹೊರಡಿ. ನಗರ ಬಸ್ ನಿಲ್ದಾಣದಿಂದ 201 ನಂಬರ್ ಬಸ್ಸು ಮೇಲಿನ ತನಕ ಹೋಗುತ್ತೆ, ಅತ್ತೆಗೆ ಕಷ್ಟ ಅನ್ನಿಸಿದ್ರೆ ಆಟೋ ಮಾತಾಡಿ, ನಂದಿ ಹತ್ರ ನಿಲ್ಲಿಸಬಹುದು. ಇಳಿದು ಬಂದು ಎರಡು ಗುಂಪು ಆಗಿ. ಯಜಮಾನರು, ಮಗ ಜೂಗೆ, ನೀವಿಬ್ಬರೂ ಮಾರುಕಟ್ಟೆಗೆ. ಮಲ್ಲಿಗೆ, ನಂಜನಗೂಡು ರಸಬಾಳೆ, ವೀಳ್ಯದೆಲೆ ಕೊಂಡು ಅಲ್ಲೇ ಕಾಫಿ ಕುಡೀರಿ. ಜೂಗೆ ಮಂಗಳವಾರ ರಜೆ. ದಸರೆಯಲ್ಲಿ ಕೆಲವು ಸಲ ತೆಗೆದಿರ್ತಾರೆ, ಕೇಳಿಕೊಂಡು ಹೋಗಿ.

ಅರಮನೆ ಒಳಗೆ ಹೋಗೋದಾದ್ರೆ ಮಗನಿಗೆ ಕಲ್ಯಾಣ ಮಂಟಪ ತೋರಿಸಿ. ಹಳೇ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಗಿ, ಈಗಿನದು 1912ಕ್ಕೆ ಮುಗೀತು. ಮಂಟಪದ ಆ ಎರಕದ ಕಂಬಗಳು ಗ್ಲಾಸ್ಗೋದಿಂದ ಹಡಗಲ್ಲಿ ಬಂದಿದ್ದು. ತಲೆ ಎತ್ತಿದ್ರೆ ಗಾಜಿನ ಚಾವಣಿ ತುಂಬಾ ನವಿಲು. ದಸರೆಯ ಮೊದಲ ದಿನ, ಆಯುಧಪೂಜೆ, ವಿಜಯದಶಮಿ ಮಾತ್ರ ಬೇಡ, ಒಳಗೆ ರಾಜಮನೆತನದ ಪೂಜೆ ಇರುತ್ತೆ, ಪ್ರವಾಸಿಗರಿಗೆ ನಿರ್ಬಂಧ.

ಸಾಲಗಾಮೆ ರಸ್ತೆ ಸೊಸೆ:

ಕೊನೇದಾಗಿ ಒಂದು. ವೀಣೆ ಕಛೇರಿ ಯಾವ ದಿನ ಅಂತ ಗೊತ್ತಾಗೋದು ಹೇಗೆ? ಅತ್ತೆ ಎರಡು ಸಲ ಕೇಳಿದ್ರು.

ವಿದ್ಯಾನಗರದ ಪಿಂಚಣಿದಾರ:

ಪಟ್ಟಿ ಹೊರಬರೋದು ದಸರೆ ಹತ್ರ ಬಂದಾಗಲೇ, ಮೈಸೂರು ಪತ್ರಿಕೆಗಳಲ್ಲಿ ಹಾಕ್ತಾರೆ. ಅಷ್ಟರಲ್ಲಿ ರೂಮು ಸಿಗಲ್ಲ, ಅದಕ್ಕೇ ಎರಡು ಬೇರೆ ಬೇರೆ ದಿನಕ್ಕೆ ಈಗಲೇ ಹಿಡಿದಿಡಿ, ಬೇಡದ್ದನ್ನ ಆಮೇಲೆ ಬಿಟ್ಟರಾಯ್ತು. ಅರಮನೆ ಮುಂದೆ ವೀಣೆ ಇಲ್ಲದಿದ್ರೆ ಜಗನ್ಮೋಹನ ಅರಮನೆ, ವೀಣೆ ಶೇಷಣ್ಣ ಭವನದ ಪಟ್ಟಿನೂ ನೋಡಿ, ದಸರೆಗೆ ಅಲ್ಲೂ ಕಛೇರಿ ಇರುತ್ತೆ. ಸೂರಿನಡಿ ಕೂತು ಕೇಳಬಹುದು, ದೀಪ ಮಾತ್ರ ಸಿಗಲ್ಲ. ನಿಮ್ಮ ಅತ್ತೆಯವರು ಕಲಿತದ್ದು ಮೈಸೂರು ಬಾನಿಯೇ, ಅಂದ್ರೆ ವೀಣೆ ನುಡಿಸೋ ಮೈಸೂರು ಶೈಲಿಯೇ? ಕೇಳಿ ಹೇಳಿ.