ಫ್ರೆನಿಮಿ: ಬಾಲದಲ್ಲಿರುವುದು ಎನಿಮಿಯೋ, ಎನ್ವಿಯೋ?

ಪದಗಂಟು:
ಮೇಲೆ ಗೆಳೆತನ, ಒಳಗೆ ಹಗೆ ಇರುವವರಿಗೆ ಇಂಗ್ಲಿಷಿನಲ್ಲಿ 'ಫ್ರೆನಿಮಿ' ಅನ್ನುತ್ತಾರೆ. ಅದರಲ್ಲಿ ಫ್ರೆಂಡ್ ಜತೆ ಸೇರಿರುವುದು ಎನಿಮಿಯೋ, ಎನ್ವಿಯೋ? ಒಂದು ಕಡೆ 1953ರ ಪದ ಅಂತಿದೆ, ಇನ್ನೊಂದು ಕಡೆ 1977. ಯಾವುದು ಸರಿ? ಕನ್ನಡದಲ್ಲಿ 'ಹಿತಶತ್ರು' ಅಂದರೆ ಸಾಕಲ್ಲವೇ?

ಕಡತಹುಳು:
ಎನಿಮಿಯೇ. ಹೊಟ್ಟೆಕಿಚ್ಚು ಅರ್ಥದಲ್ಲಿದೆ, ಪದದಲ್ಲಿಲ್ಲ. ಎನ್ವಿ ಆಗಿದ್ದರೆ ಆ 'ಮಿ' ಎಲ್ಲಿಂದ ಬಂತು? ಬೆಸುಗೆ ನೋಡಿ: ಫ್ರೆಂಡ್‌ನ ಕೊನೆಯ 'ಡಿ' ತೆಗೆದರೆ ತುದಿಯಲ್ಲಿ ಇ-ಎನ್ ಉಳಿಯುತ್ತದೆ, ಎನಿಮಿ ಶುರುವಾಗುವುದೂ ಇ-ಎನ್‌ನಿಂದಲೇ. ಒಂದರ ಮೇಲೊಂದು ಕೂತವು.

1953ರ ಮೇ ತಿಂಗಳಲ್ಲಿ ಅಮೆರಿಕದ ಗಾಸಿಪ್ ಅಂಕಣಕಾರ ವಾಲ್ಟರ್ ವಿಂಚೆಲ್, ರಷ್ಯನ್ನರನ್ನು ಹೀಗೆ ಕರೆದರೆ ಹೇಗೆ ಎಂದು ಬರೆದ. ಅದು ಸಿಕ್ಕಿರುವುದು ನೆವಾಡಾದ ಪತ್ರಿಕೆಯಲ್ಲಿ. ಹಾಗೆಂದು ಪದ ನೆವಾಡಾದಲ್ಲಿ ಹುಟ್ಟಿತು ಅನ್ನಬೇಡಿ, ಅವನ ಅಂಕಣ ಊರೂರಿನ ಪತ್ರಿಕೆಗಳಿಗೆ ಹೋಗುತ್ತಿತ್ತು. ಅವನ ಕಾಗುಣಿತದಲ್ಲಿ ಫ್ರೆಂಡ್‌ನ 'ಐ' ಇನ್ನೂ ಇದೆ, ಪದವೂ ಬಹುವಚನ. ಹಳೆಯ ಪತ್ರಿಕೆ ಜಾಲಾಡುವವರು ಎಡವುವುದು ಇಲ್ಲೇ. ಈಗಿನ ಕಾಗುಣಿತ ಹಾಕಿ ಹುಡುಕಿದರೆ 1953 ಕೈಗೆ ಸಿಗುವುದಿಲ್ಲ.

ಅರಿಸಮಾಸ:
1977 ಲೇಖಕಿ ಜೆಸಿಕಾ ಮಿಟ್‌ಫರ್ಡ್ ಬರೆದ ಲೇಖನದ್ದು. ತನ್ನ ಅಕ್ಕತಂಗಿಯರಲ್ಲಿ ಒಬ್ಬಳು ಚಿಕ್ಕವಳಿದ್ದಾಗ, ನೆರೆಯ ಸಪ್ಪೆ ಹುಡುಗಿಯೊಬ್ಬಳಿಗೆ ಈ ಹೆಸರಿಟ್ಟಳು ಅನ್ನುತ್ತಾಳೆ. ಇಬ್ಬರೂ ಸದಾ ಜತೆಗೇ ಆಡುತ್ತಿದ್ದರು, ವಾರಕ್ಕೊಮ್ಮೆಯಾದರೂ ಟೀಗೆ ಕರೆಯುತ್ತಿದ್ದರು, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ನೆನಪು ನಿಜವಾದರೆ ಇದು ವಿಂಚೆಲ್‌ಗಿಂತ ಹಳೆಯದು. ಆದರೆ ನಿಘಂಟಿನವರು ನೆನಪನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಚ್ಚಾದ ದಿನವನ್ನು ಹಿಡಿಯುತ್ತಾರೆ. ಹಾಗಾಗಿ ನಿಘಂಟಿನ ಇಸವಿ ಅಂದರೆ 'ಇದಕ್ಕಿಂತ ಹಿಂದಿನದು ಈವರೆಗೆ ಸಿಕ್ಕಿಲ್ಲ' ಅಂತ ಅಷ್ಟೇ.

ಹಿತಶತ್ರು ಪೂರ್ತಿ ಹೊಂದುವುದಿಲ್ಲ. ಅದು ಒಮ್ಮುಖ: ಬಾಯಲ್ಲಿ ಮಂತ್ರ, ಬಗಲಲ್ಲಿ ದೊಣ್ಣೆ, ಎದುರಿನವನಿಗೆ ಗೊತ್ತೇ ಇರುವುದಿಲ್ಲ. ಆ ಹುಡುಗಿಯರ ಹಗೆ ಇಬ್ಬರದೂ.

ಪದಗಂಟು:
ಹಾಗಾದರೆ ಕನ್ನಡದಲ್ಲೇ ಹೀಗೆ ಬೆಸೆಯಲಾಗದೇ? ನಮ್ಮಲ್ಲಿ ಸಮಾಸ ಇದೆಯಲ್ಲ.

ಅರಿಸಮಾಸ:
ಸಮಾಸದ ದಾರಿ ಬೇರೆ. ಮಳೆ, ಕಾಲ ಸೇರಿ ಮಳೆಗಾಲ ಆದಾಗ 'ಕ' 'ಗ' ಆಯಿತು, ಯಾರ ಬಾಲವೂ ಕತ್ತರಿಸಲಿಲ್ಲ. ಬೆಸುಗೆಗೆ ಇಬ್ಬರಿಗೂ ಸೇರುವ ಸದ್ದು ಬೇಕು. ಸ್ನೇಹ, ಹಗೆ ತೆಗೆದುಕೊಳ್ಳಿ: ಒಂದರ ಕೊನೆಗೂ ಇನ್ನೊಂದರ ಮೊದಲಿಗೂ 'ಹ'. 'ಸ್ನೇಹಗೆ'. ಸಂಸ್ಕೃತಕ್ಕೆ ಕನ್ನಡ ಅಂಟಿಸಿದ್ದರಿಂದ ವ್ಯಾಕರಣದವರು ನನ್ನ ಹೆಸರು ಹಿಡಿದೇ ಬೈಯಬಹುದು. ಅರಿ ಅಂದರೂ ಶತ್ರುವೇ ತಾನೆ.

ಕಡತಹುಳು:
ಚೆನ್ನಾಗಿದೆ. ಆದರೆ 'ಸ್ನೇಹಗೆ ಫೋನ್ ಮಾಡಿದೆ' ಅಂದರೆ ಯಾವ ಸ್ನೇಹಾ ಅಂತ ಕೇಳುತ್ತಾರೆ.