ಪೇಸ್ಲಿಪ್‌ನಲ್ಲಿ ‘ಬಿಆರ್’ ಅಂತಿದೆ, 203 ಪೌಂಡ್ ಹೋಯ್ತು: ಬ್ರಿಟನ್ನಿನಲ್ಲಿ ಓದುತ್ತಾ ದುಡಿಯುವವರು ಸ್ವಲ್ಪ ಹೇಳಿ

ಕೇಳಿದವರು (ಲೆಸ್ಟರ್, ಎಂಎಸ್‌ಸಿ):
ಎಲ್ಲರಿಗೂ ನಮಸ್ಕಾರ. ಸ್ಟೂಡೆಂಟ್ ವೀಸಾದಲ್ಲಿ ಸೆಪ್ಟೆಂಬರ್ ಕೊನೆಗೆ ಬಂದೆ. ಅಂಗಡಿ ಕೆಲಸ, ವಾರಕ್ಕೆ 20 ಗಂಟೆ, ಗಂಟೆಗೆ 12.71 ಪೌಂಡ್. ಮೊದಲ ತಿಂಗಳ 80 ಗಂಟೆಗೆ 1,016.80 ಆಗಿದೆ. ಅದರಲ್ಲಿ ಟ್ಯಾಕ್ಸ್ 203.20, ಎನ್‌ಐ (ನ್ಯಾಷನಲ್ ಇನ್ಶೂರೆನ್ಸ್, ಸಂಬಳದಿಂದ ಹಿಡಿಯುವ ಸರ್ಕಾರಿ ವಿಮೆ) ಸೊನ್ನೆ, ಕೈಗೆ ಸಿಕ್ಕಿದ್ದು 813.60. ಟ್ಯಾಕ್ಸ್ ಕೋಡ್ (ಎಷ್ಟು ತೆರಿಗೆ ಹಿಡಿಯಬೇಕು ಅಂತ ಕಂಪನಿಗೆ ಹೇಳುವ ಗುರುತು) ‘ಬಿಆರ್’. ಇದೇ ಕೆಲಸ ಮಾಡುವ ರೂಮ್‌ಮೇಟ್‌ಗೆ ‘1257ಎಲ್ ಎಂ1’ ಅಂತಿದೆ, ಒಂದು ಪೆನ್ನಿಯೂ ಕಟ್ ಆಗಿಲ್ಲ. ವೀಸಾದವರಿಗೆ ಹೀಗೇನಾ? ದುಡ್ಡು ವಾಪಸ್ ಬರುತ್ತಾ?

ಉತ್ತರ (ಪೇರೋಲ್ ಕೆಲಸದವರು, ಬರ್ಮಿಂಗ್‌ಹ್ಯಾಮ್):
ವೀಸಾಕ್ಕೂ ಇದಕ್ಕೂ ಸಂಬಂಧವಿಲ್ಲ. ದುಡ್ಡು ವಾಪಸ್ ಬರುತ್ತೆ.

1257ಎಲ್‌ನಲ್ಲಿರುವ ಅಂಕಿಗೆ ಒಂದು ಸೊನ್ನೆ ಸೇರಿಸಿ: 12,570. ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ ತೆರಿಗೆ ಇಲ್ಲದೆ ದುಡಿಯಬಹುದಾದ ಮೊತ್ತ ಅದು, ತಿಂಗಳಿಗೆ ಸುಮಾರು 1,048. ‘ಬಿಆರ್’ ಅಂದರೆ ಆ ವಿನಾಯಿತಿ ಈ ಕೆಲಸಕ್ಕೆ ಒಂದಿಷ್ಟೂ ಇಲ್ಲ, ಮೊದಲ ಪೌಂಡಿನಿಂದಲೇ 20% ಹಿಡಿಯಿರಿ ಅಂತ. ಪೆನ್ನಿ ಬಿಟ್ಟು 1,016ಕ್ಕೆ 20% ಹಾಕಿದರೆ ಸರಿಯಾಗಿ 203.20. ಅಂದರೆ ಲೆಕ್ಕ ಸರಿ, ಕೋಡ್ ತಪ್ಪು.

ಇದು ಹುಟ್ಟುವುದು ಕೆಲಸಕ್ಕೆ ಸೇರುವಾಗ ತುಂಬುವ ಸ್ಟಾರ್ಟರ್ ಚೆಕ್‌ಲಿಸ್ಟ್‌ನಲ್ಲಿ. ಏಪ್ರಿಲ್ 6ರಿಂದ ಈಚೆಗೆ ಇದೇ ಮೊದಲ ಕೆಲಸವಾದರೆ ‘ಎ’. ಈಗ ಇರುವುದು ಇದೊಂದೇ, ಆದರೆ ಅದೇ ವರ್ಷದಲ್ಲಿ ಬೇರೆ ಕೆಲಸ ಮಾಡಿ ಬಿಟ್ಟಿದ್ದರೆ ‘ಬಿ’. ಜೊತೆಗೆ ಇನ್ನೊಂದು ಕೆಲಸ ನಡೆಯುತ್ತಿದ್ದರೆ ‘ಸಿ’. ‘ಎ’ಗೆ 1257ಎಲ್, ‘ಬಿ’ಗೆ 1257ಎಲ್ ಎಂ1, ‘ಸಿ’ಗೆ ಬಿಆರ್. ಚೆಕ್‌ಲಿಸ್ಟ್ ಕೊಡದೇ ಇದ್ದರೆ 0ಟಿ. ಅಲ್ಲೂ ವಿನಾಯಿತಿ ಸೊನ್ನೆ. ಇನ್ನೊಂದು ಕಡೆ ಅರ್ಜಿ ಹಾಕಿದ್ದೇನೆ ಅಂತ ‘ಸಿ’ಗೆ ಟಿಕ್ ಹಾಕುವವರು ತುಂಬ ಜನ. ಅರ್ಜಿ ಹಾಕಿದ್ದು ಕೆಲಸವಲ್ಲ.

ಇನ್ನೊಂದು ಮಾತು: ಶರತ್ಕಾಲದಲ್ಲಿ ಬಂದು ವಾರಕ್ಕೆ 20 ಗಂಟೆ ಇದೇ ದರದಲ್ಲಿ ದುಡಿದರೆ ಏಪ್ರಿಲ್ 5ರೊಳಗೆ 12,570 ಮುಟ್ಟುವುದೇ ಇಲ್ಲ. ಆ ಮೊದಲ ವರ್ಷ ಪೇಸ್ಲಿಪ್‌ನಲ್ಲಿ ಇನ್‌ಕಮ್ ಟ್ಯಾಕ್ಸ್ ಕಂಡರೆ ಅದಿಷ್ಟೂ ನಿಮ್ಮದೇ ದುಡ್ಡು.

ಉತ್ತರ (ಅಕೌಂಟ್ಸ್, ರೆಡಿಂಗ್):
ರೂಮ್‌ಮೇಟ್ ಕೂಡ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಎಂ1 (ವಾರದ ಸಂಬಳವಾದರೆ ಡಬ್ಲ್ಯೂ1, ಕೆಲವೆಡೆ ‘ಎಕ್ಸ್’) ಅಂದರೆ ಪ್ರತಿ ತಿಂಗಳೂ ಬೇರೆ ಬೇರೆ ಲೆಕ್ಕ, ಹಿಂದಿನ ತಿಂಗಳಲ್ಲಿ ಬಳಸದೆ ಉಳಿದ ವಿನಾಯಿತಿ ಮುಂದಕ್ಕೆ ಬರುವುದಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಪೂರ್ತಿ ಶಿಫ್ಟ್ ಮಾಡಿ ಡಿಸೆಂಬರ್‌ನಲ್ಲಿ 2,000 ಬಂತು ಅಂದುಕೊಳ್ಳಿ. ಎಂ1ನಲ್ಲಿ ಸುಮಾರು 190 ತೆರಿಗೆ ಹೋಗುತ್ತದೆ, ಬಿಆರ್‌ನಲ್ಲಿ 400. ಬರೀ 1257ಎಲ್ ಇದ್ದರೆ ಏಪ್ರಿಲ್‌ನಿಂದ ಒಂಬತ್ತು ತಿಂಗಳ ವಿನಾಯಿತಿ, ಅಂದರೆ 9,400ಕ್ಕೂ ಮೇಲೆ, ಒಟ್ಟಾಗಿ ನಿಂತಿರುತ್ತದೆ. ಅಕ್ಟೋಬರ್, ನವೆಂಬರ್ ಸಂಬಳ ಸೇರಿಸಿದರೂ ತೆರಿಗೆ ಸೊನ್ನೆ.

ಸ್ಕಾಟ್ಲೆಂಡ್‌ನಲ್ಲಿರುವವರ ಕೋಡಿನ ಮುಂದೆ ‘ಎಸ್’, ವೇಲ್ಸ್‌ನವರಿಗೆ ‘ಸಿ’ ಇರುತ್ತದೆ. ಅದು ವಿಳಾಸಕ್ಕೆ ಸಂಬಂಧಿಸಿದ್ದು, ಗಾಬರಿ ಬೇಡ.

ಉತ್ತರ (ವಿದ್ಯಾರ್ಥಿ ಸಲಹಾ ಕೇಂದ್ರದವರು):
ಸರಿಮಾಡುವ ಕ್ರಮ ಹೇಳ್ತೀನಿ. ಮೊದಲು ಪೇರೋಲ್‌ಗೆ (ಕಂಪನಿಯ ಸಂಬಳದ ವಿಭಾಗಕ್ಕೆ) ಇಮೇಲ್ ಹಾಕಿ, ತಿದ್ದಿದ ಸ್ಟಾರ್ಟರ್ ಚೆಕ್‌ಲಿಸ್ಟ್ ಕೊಡಿ. ಆದರೆ ಎಚ್‌ಎಂಆರ್‌ಸಿ (ಬ್ರಿಟನ್ನಿನ ತೆರಿಗೆ ಇಲಾಖೆ) ಆಗಲೇ ಕೋಡ್ ಕಳಿಸಿದ್ದರೆ ಅದನ್ನು ಬದಲಿಸುವ ಅಧಿಕಾರ ಮ್ಯಾನೇಜರಿಗಿಲ್ಲ, ಅವರ ಜೊತೆ ಜಗಳವಾಡಿ ಪ್ರಯೋಜನವಿಲ್ಲ. ಆಗ ಎಚ್‌ಎಂಆರ್‌ಸಿ ಆ್ಯಪ್‌ನಲ್ಲೋ ಪರ್ಸನಲ್ ಟ್ಯಾಕ್ಸ್ ಅಕೌಂಟ್‌ನಲ್ಲೋ ಹೋಗಿ ಯಾವ ಯಾವ ಕೆಲಸ ತೋರಿಸುತ್ತಿದೆ ನೋಡಿ. ಬಿಟ್ಟ ಕೆಲಸ ಇನ್ನೂ ನಡೆಯುತ್ತಿದೆ ಎಂದು ಕಂಡರೆ ಮುಗಿದ ದಿನಾಂಕ ಹಾಕಿ, ಈ ವರ್ಷ ಎಷ್ಟು ದುಡಿಯಬಹುದು ಎಂಬ ಅಂದಾಜನ್ನೂ ತಿದ್ದಿ. ಆಗದಿದ್ದರೆ 0300 200 3300ಕ್ಕೆ ಫೋನ್. ಎನ್‌ಐ ನಂಬರ್ ಮತ್ತು ಪೇಸ್ಲಿಪ್‌ನಲ್ಲಿರುವ ಕಂಪನಿಯ ಪಿಎವೈಇ ರೆಫರೆನ್ಸ್ (ಎಚ್‌ಎಂಆರ್‌ಸಿ ಕಂಪನಿಗೆ ಕೊಟ್ಟ ನಂಬರ್) ಕೈಯಲ್ಲಿರಲಿ.

ಹೊಸ ಕೋಡ್ ಕಂಪನಿಗೆ ಹೋದ ಮೇಲೆ ಮುಂದಿನ ಸಂಬಳದಲ್ಲೇ 203.20 ತಾನಾಗಿ ಸೇರಿ ಬರುತ್ತದೆ. ಪೇರೋಲ್ ಮುಚ್ಚಿದ ನಂತರ ಬದಲಾದರೆ ಅದರ ಮುಂದಿನ ತಿಂಗಳು. ಕೋಡ್ ತಿದ್ದುವ ಮೊದಲೇ ಏಪ್ರಿಲ್ 5 ದಾಟಿದರೆ ಎಚ್‌ಎಂಆರ್‌ಸಿ ವರ್ಷದ ಲೆಕ್ಕ ನೋಡಿ, ಎಷ್ಟು ಹೆಚ್ಚು ತೆರಿಗೆ ಹೋಗಿದೆ ಅಂತ ತಿಳಿಸುವ ಪಿ800 ಪತ್ರ ಕಳಿಸುತ್ತದೆ. ‘ನಿಮಗೆ ರೀಫಂಡ್ ಇದೆ, ಕಾರ್ಡ್ ನಂಬರ್ ಕೊಡಿ’ ಅಂತ ಎಸ್‌ಎಂಎಸ್ ಬಂದರೆ ಅದು ಮೋಸ, ಮುಟ್ಟಬೇಡಿ. ನೀವೇ ಮಾಡಬಹುದಾದ ಈ ಕೆಲಸಕ್ಕೆ ಪಾಲು ಕೇಳುವ ಏಜೆಂಟರೂ ಬೇಕಿಲ್ಲ.

ಉತ್ತರ (ಪೇರೋಲ್ ಕೆಲಸದವರು, ಬರ್ಮಿಂಗ್‌ಹ್ಯಾಮ್):
ಎನ್‌ಐ ಬಗ್ಗೆ ಬಿಟ್ಟುಹೋಯಿತು. ಟ್ಯಾಕ್ಸ್ ವರ್ಷದ ಲೆಕ್ಕ, ಎನ್‌ಐ ಆಯಾ ಸಂಬಳದ ಲೆಕ್ಕ. ತಿಂಗಳಿಗೆ 1,048 (ವಾರಕ್ಕೆ 242) ದಾಟಿದ ಭಾಗಕ್ಕೆ 8%. ಕಡಿಮೆ ಬಂದ ತಿಂಗಳು ಹೆಚ್ಚು ಬಂದ ತಿಂಗಳನ್ನು ಸರಿದೂಗಿಸುವುದಿಲ್ಲ, ಸರಿಯಾಗಿ ಹಿಡಿದ ಎನ್‌ಐ ವರ್ಷದ ಕೊನೆಗೆ ವಾಪಸ್ಸೂ ಬರುವುದಿಲ್ಲ. ಮೇಲೆ ಹೇಳಿದ ಡಿಸೆಂಬರ್‌ನ 2,000ಕ್ಕೆ ಎನ್‌ಐ 76.16, ಟ್ಯಾಕ್ಸ್ ಸೊನ್ನೆ. ಇದು ಸರಿಯಾದ ಪೇಸ್ಲಿಪ್.

ವಿದ್ಯಾರ್ಥಿಗಳು ನಿಜವಾಗಿ ಕಳೆದುಕೊಳ್ಳುವುದು ಟೈಮ್‌ಶೀಟ್ ತಡಮಾಡಿ. ಎರಡು ತಿಂಗಳು ತಲಾ 1,000 ಬಂದಿದ್ದರೆ ಎನ್‌ಐ ಇಲ್ಲ. ಮೊದಲ ತಿಂಗಳ ಟೈಮ್‌ಶೀಟ್ ಗಡುವು ತಪ್ಪಿ ಎರಡೂ ಒಂದೇ ಸಲ ಬಂದರೆ 2,000ದ ಮೇಲೆ 76 ಪೌಂಡ್ ಹೋಗುತ್ತದೆ. ವೀಸಾದ 20 ಗಂಟೆ ಮಾತ್ರ ಸೋಮವಾರದಿಂದ ಭಾನುವಾರದವರೆಗೆ ದುಡಿದ ದಿನಗಳ ಮೇಲೆ ಎಣಿಕೆ, ಸಂಬಳ ಯಾವಾಗ ಬಂತು ಎಂಬುದರ ಮೇಲಲ್ಲ.

ಎನ್‌ಐ ನಂಬರ್ ಇನ್ನೂ ಬಂದಿಲ್ಲ ಅಂತ ಬಿಆರ್ ಹಾಕಿದ್ದೇವೆ ಅಂದರೆ ಒಪ್ಪಬೇಡಿ. ಕೆಲಸದ ಹಕ್ಕಿನ ಪುರಾವೆ ಇದ್ದರೆ ನಂಬರ್ ಬರುವ ಮೊದಲೇ ಕೆಲಸ ಶುರುಮಾಡಬಹುದು. ಕೋಡ್ ನಿರ್ಧಾರವಾಗುವುದು ಚೆಕ್‌ಲಿಸ್ಟ್‌ನಿಂದ.

ಕೇಳಿದವರು:
ತುಂಬ ಥ್ಯಾಂಕ್ಸ್. ‘ಸಿ’ಗೇ ಟಿಕ್ ಹಾಕಿರೋದು, ಫಾರಂ ನೋಡಿದೆ. ಜನವರಿಯಿಂದ ಪೆನ್ಷನ್ ಹಿಡೀತೀವಿ ಅಂತ ಪತ್ರ ಬಂದಿದೆ. ಗೆಳತಿಗೆ ವಾರಕ್ಕೆ 10 ಗಂಟೆಯ ಎರಡು ಕೆಲಸ. ಅವಳ ಕಥೆ ಏನು?

ಉತ್ತರ (ಅಕೌಂಟ್ಸ್, ರೆಡಿಂಗ್):
ವಯಸ್ಸು 22 ಆಗಿ ತಿಂಗಳಿಗೆ 833 ದಾಟಿದರೆ ಪೆನ್ಷನ್‌ಗೆ ಕಂಪನಿಯವರೇ ಸೇರಿಸುತ್ತಾರೆ. ಮೂರು ತಿಂಗಳವರೆಗೆ ಮುಂದೂಡಬಹುದು, ಅದಕ್ಕೇ ಜನವರಿ. ಸಾಮಾನ್ಯವಾಗಿ 520ರ ಮೇಲಿನ ಭಾಗಕ್ಕೆ ನಿಮ್ಮ ಪಾಲು 5%, ಅಂದರೆ ನಿಮ್ಮ ಸಂಬಳಕ್ಕೆ 20ರಿಂದ 25 ಪೌಂಡ್. ಕಂಪನಿ 3% ಹಾಕುತ್ತದೆ. ಓದು ಮುಗಿಸಿ ಊರಿಗೆ ಹೋಗುವವರಾದರೆ ಸೇರಿದ ಒಂದು ತಿಂಗಳೊಳಗೆ ಆಪ್ಟ್ ಔಟ್ ಮಾಡಿ (ಪೆನ್ಷನ್ ಬೇಡ ಅಂತ ಹೊರಬನ್ನಿ), ಹಿಡಿದದ್ದು ವಾಪಸ್. ಆಮೇಲಾದರೆ ದುಡ್ಡು ನಿಮಗೆ ಐವತ್ತೇಳು ವರ್ಷದ ಆಚೆಗೆ ಸಿಗುವಂಥದ್ದು. ಇಲ್ಲೇ ಉಳಿಯುವ ಯೋಚನೆ ಇದ್ದರೆ ಬಿಡಬೇಡಿ, ಕಂಪನಿಯ ಪಾಲು ಬಿಟ್ಟಿ ಬರುತ್ತದೆ.

ಗೆಳತಿಗೆ ಒಂದು ಕಡೆ 1257ಎಲ್, ಇನ್ನೊಂದು ಕಡೆ ಬಿಆರ್ ಇರುತ್ತದೆ. ಅಲ್ಲಿ ವಾರಕ್ಕೆ 25 ಪೌಂಡ್ ಹೋಗುತ್ತಿರುತ್ತದೆ. ಎನ್‌ಐ ಎರಡೂ ಕಡೆ ಬೇರೆ ಬೇರೆ ಲೆಕ್ಕವಾದ್ದರಿಂದ ಸೊನ್ನೆ. ವಿನಾಯಿತಿಯನ್ನು ಎರಡಕ್ಕೂ ಹಂಚಿಕೊಡಿ ಅಂತ ಎಚ್‌ಎಂಆರ್‌ಸಿಗೆ ಕೇಳಬಹುದು.

ಉತ್ತರ (ವಿದ್ಯಾರ್ಥಿ ಸಲಹಾ ಕೇಂದ್ರದವರು):
ಉಳಿದ ಸಾಲುಗಳನ್ನೂ ಓದಿ. ‘ಸ್ಟೂಡೆಂಟ್ ಲೋನ್’ ಅಂತ ಕಡಿತ ಕಂಡರೆ ಚೆಕ್‌ಲಿಸ್ಟ್‌ನಲ್ಲಿ ತಪ್ಪಾಗಿದೆ. ಭಾರತದ ಬ್ಯಾಂಕ್ ಸಾಲ ಅಲ್ಲಿ ಬರೆಯುವಂಥದ್ದಲ್ಲ. ಗಲ್ಲಾದಲ್ಲಿ ದುಡ್ಡು ಕಡಿಮೆಯಾಯಿತು ಅಂತ ಅಂಗಡಿಯವರು ಹಿಡಿಯಬೇಕಾದರೆ ಒಪ್ಪಂದದಲ್ಲಿರಬೇಕು, ಅದೂ ಒಂದು ಸಂಬಳದ 10% ಮೀರಬಾರದು (ಕೊನೆಯ ಸಂಬಳಕ್ಕೆ ಈ ಮಿತಿ ಇಲ್ಲ).

ಕೆಲಸ ಬಿಟ್ಟಾಗ ಪಿ45 (ಅಲ್ಲಿಯವರೆಗಿನ ಸಂಬಳ, ತೆರಿಗೆ ತೋರಿಸುವ ಚೀಟಿ) ಕೇಳಿ ಇಸ್ಕೊಳ್ಳಿ, ಮುಂದಿನ ಕಡೆ ಕೊಟ್ಟರೆ ಕೋಡಿನ ತಕರಾರೇ ಇರುವುದಿಲ್ಲ. ದೇಶ ಬಿಡುವಾಗ ಪಿ85 (ದೇಶ ಬಿಡುತ್ತಿದ್ದೇನೆ ಅಂತ ಎಚ್‌ಎಂಆರ್‌ಸಿಗೆ ತಿಳಿಸಿ ರೀಫಂಡ್ ಕೇಳುವ ಫಾರಂ) ತುಂಬಿ, ಜೊತೆಗೆ ಪಿ45. ಊರಿಗೆ ಹೋದ ಮೇಲೆ ನೆನಪಾದರೂ ನಾಲ್ಕು ತೆರಿಗೆ ವರ್ಷ ಹಿಂದಿನವರೆಗೆ ಕೇಳಬಹುದು. ಆದ್ದರಿಂದ ಕಂಪನಿಯ ಪೇಸ್ಲಿಪ್ ಪೋರ್ಟಲ್ ಮುಚ್ಚುವ ಮೊದಲು ಎಲ್ಲವನ್ನೂ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.